ಖಣಿಗೆ ಇಳಿಯುವ ದಾರಿ

ಗುಡ್ಡ ಒಡೆ ಎಂದರೆ ಒಡೆದೇನು, ಬಾವಿಯ ತಳದ ಬಂಡೆ ಒಡೆ ಎಂದರೆ ಒಡೆದೇನು. ನೀರಿಗೆ ಇಳಿಯುವ ದಾರಿಯನ್ನು ಒಡೆ ಎಂದು ನನಗೆ ಹೇಳಿದ್ದು ಅದೇ ಮೊದಲು. ಹೇಳಿದವರು ಪುಂಡರಲ್ಲ, ಕಾನೂನಿನವರು. ಬಾಯಿಮಾತೂ ಅಲ್ಲ, ಸಹಿ ಶಿಕ್ಕಾ ಬಿದ್ದ ಆದೇಶ. ಅದನ್ನು ಓದಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯಬೇಕೆಂದು ನನಗೇನೂ ಆಸೆಯಿಲ್ಲ.

ನಾನು ವಳಸಂಗದವನು. ಮಹಾರಾಷ್ಟ್ರದ ಜತ್ತ ತಾಲೂಕಿನ ಗಡಿ ಸೀಮೆಯ ಒಂದು ಕರಿಕಲ್ಲಿನ ಖಣಿಯಲ್ಲಿ ಮೇಟ್ ಆಗಿದ್ದೆ. ಸುರುಂಗ ಹಾರಿಸುವುದು ನನ್ನ ಕೆಲಸ. ಎಲ್ಲಿ ರಂಧ್ರ ಕೊರೆಯಬೇಕು, ಎಷ್ಟು ಮದ್ದು ತುಂಬಬೇಕು, ಯಾವ ರಂಧ್ರ ಮೊದಲು ಸಿಡಿಯಬೇಕು ಎಂದು ನಾನು ಹೇಳಬೇಕು. ಹೆಚ್ಚುಕಮ್ಮಿಯಾದರೆ ಪೊಲೀಸರು ಮೊದಲು ಹುಡುಕಿಕೊಂಡು ಬರುವುದೂ ನನ್ನನ್ನೇ. ಖಣಿಯ ಮೂರು ಕಡೆ ನೆಟ್ಟಗೆ ನಿಂತ ಕಲ್ಲಿನ ಗೋಡೆ. ತಳದಲ್ಲಿ ತೆಂಗಿನ ಮರ ನಿಲ್ಲಿಸಿದರೆ ಅದರ ತುದಿ ಮೇಲೆ ಕಾಣುವುದಿಲ್ಲ, ಅಷ್ಟು ಆಳ. ನಾಲ್ಕನೆಯ ಕಡೆ ಟಿಪ್ಪರುಗಳು ಹತ್ತಿಳಿಯುವ ಇಳಿಜಾರು ದಾರಿ. ತಳದ ಒಂದು ಮೂಲೆಯಲ್ಲಿ ವರ್ಷವಿಡೀ ನೀರು. ಸುತ್ತಲಿನ ಹಳ್ಳ ಬತ್ತಿದ ಮೇಲೂ ಅಲ್ಲಿ ನೀರಿರುತ್ತಿತ್ತು, ಯಾಕೆಂದರೆ ಬಂಡೆಯ ಸೆಲೆಯನ್ನೇ ನಾವು ಒಡೆದು ಖಣಿಗೆ ಇಳಿಸಿಕೊಂಡಿದ್ದೆವು.

ಆ ನೀರಿಗೆ ಸುತ್ತಿನ ಕುರಿಯವರು ಹಿಂಡು ತರುತ್ತಿದ್ದರು. ಟಿಪ್ಪರ್ ಓಡುವ ದಾರಿಯಲ್ಲಿ ಕುರಿ ಬಿಟ್ಟರೆ ಗತಿಯೇನು? ಅದಕ್ಕೆಂದೇ ನಮ್ಮಲ್ಲಿ ಒಂದು ರೂಢಿ ಬಿದ್ದಿತ್ತು. ಮಧ್ಯಾಹ್ನ ನಾನು ಸೀಟಿ ಊದಿ, ಕೆಂಪು ಬಾವುಟದವರನ್ನು ದಾರಿಗಳ ಮೇಲೆ ನಿಲ್ಲಿಸಿ, ಸುರುಂಗ ಹಾರಿಸುತ್ತಿದ್ದೆ. ಧೂಳು ಕೂತು, ಯಾವ ರಂಧ್ರವೂ ಸಿಡಿಯದೆ ಉಳಿದಿಲ್ಲವೆಂದು ನೋಡಿಕೊಂಡ ಮೇಲೆ ಕ್ರಷರಿನ ಭೋಂಗಾ ಕೂಗಿಸುತ್ತಿದ್ದೆವು. ಭೋಂಗಾ ಕೂಗಿತೆಂದರೆ ಮಷೀನು ಬಂದ್, ನಾವು ಬುತ್ತಿ ಬಿಚ್ಚುವ ಹೊತ್ತು, ದಾರಿ ಕುರಿಗಳದ್ದು. ಮುಂದೊಂದು ಬಿಳಿ ಆಡು, ಹಿಂದೆ ಕುರಿಗಳು, ಕೊನೆಗೆ ಕೋಲು ಹಿಡಿದ ಹೆಣ್ಣುಮಗಳು, ನಾವೆಲ್ಲ ಕುರಿಯಕ್ಕ ಎನ್ನುತ್ತಿದ್ದವಳು. ಅವು ಕುಡಿದು ಹತ್ತಿ ಹೋದ ಮೇಲೆಯೇ ಟಿಪ್ಪರ್ ಚಾಲೂ. ಇದನ್ನು ಯಾರೂ ಕಾಗದದ ಮೇಲೆ ಬರೆದಿರಲಿಲ್ಲ, ಆದರೂ ವರ್ಷಗಟ್ಟಲೆ ತಪ್ಪದೆ ನಡೆಯಿತು.

ಆಮೇಲೆ ಕಾನೂನು ಬದಲಾಯಿತು. ಬದಲಾಗಲೇಬೇಕಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕ್ರಷರಿನ ಧೂಳು ಕೂತು ತೊಗರಿಯ ಎಲೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಸುರುಂಗ ಹಾರಿದಾಗ ಹೊಸ ಮನೆಗಳ ಪತ್ರಾಸಿನ ಮಾಡು ನಡುಗುತ್ತಿತ್ತು. ಊರಿನ ಹುಡುಗರು ಅರ್ಜಿ ಹಿಡಿದು ಓಡಾಡಿದರು, ಮನೆಗಳಿಗೂ ಖಣಿಗೂ ಇಷ್ಟು ಅಂತರ ಇರಬೇಕೆಂಬ ನಿಯಮ ಅವರ ಕೈಗೆ ಸಿಕ್ಕಿತು, ನಮ್ಮ ಲೀಜಿನ ಮುದತ್ತು ಮುಗಿದಾಗ ಮುಂದುವರಿಸಲಿಲ್ಲ. ಮೊದಲಿನ ಕಾಲವಾಗಿದ್ದರೆ ಮಾಲಕ ಮಷೀನು ಕಟ್ಟಿಕೊಂಡು ಹೋಗಿಬಿಡುತ್ತಿದ್ದ. ಈಗ ಹಾಗಿಲ್ಲ. ಸುತ್ತ ಬೇಲಿ ಹಾಕಬೇಕು, ಗಿಡ ನೆಡಬೇಕು, ಅಪಾಯವಿಲ್ಲದಂತೆ ಮಾಡಿ ಬಿಡಬೇಕು, ಆಗಲೇ ಸರಕಾರದಲ್ಲಿಟ್ಟ ಠೇವಣಿ ವಾಪಸ್. ಒಳ್ಳೆಯ ಕಾನೂನು ಬಂತಲ್ಲ ಎಂದು ನಾನೇ ಖುಷಿಪಟ್ಟಿದ್ದೆ. ನನ್ನ ಹುಚ್ಚಿಗೆ ಏನನ್ನಬೇಕು!

ಮುಚ್ಚುವ ಮೊದಲು ಗ್ರಾಮಸಭೆ ಕರೆದರು. ಹಿಂದೆಲ್ಲ ಇಂಥ ಸಭೆಯಲ್ಲಿ ಮಂದಿ ಕೇಳುತ್ತಿದ್ದುದು ಮಕ್ಕಳಿಗೆ ಕೆಲಸ, ಗುಡಿಯ ಅಂಗಳಕ್ಕೆ ಒಂದು ಟ್ರಿಪ್ ಖಡಿ. ಈ ಸಲ ಕುರಿಯಕ್ಕ ಎದ್ದು ನಿಂತಳು.

"ಮಾಲಕರ, ಗುಡ್ಡ ತಿಂದ್ರಿ, ಹೋಗ್ಲಿ. ನಮ್ಮ ಹಳ್ಳದ ಸೆಲಿ ನಿಮ್ಮ ಖಣ್ಯಾಗ ಇಳೀತು. ಈಗ ತಂತಿ ಬಿಗದು ನೀವು ಹೊಂಟ್ರ, ಕುರಿ ಎಲ್ಲಿಗೆ ಹೊಡಕೊಂಡು ಹೋಗ್ಲಿ?"

ಸಭೆಯಲ್ಲಿ ಗುಜುಗುಜು ಎದ್ದಿತು. ಧೂಳಿನ ವಿರುದ್ಧ ಅರ್ಜಿ ಬರೆದ ಹುಡುಗರೂ ಆಕೆಯ ಕಡೆಯೇ ನಿಂತರು. ಮಾಲಕ ನಗುತ್ತ ಕೈ ಎತ್ತಿದ.

"ಯವ್ವಾ, ಚಿಂತಿ ಮಾಡಬ್ಯಾಡ. ಇಳಿಯೋ ದಾರಿ ಹಂಗs ಇರ್ತೈತಿ. ಅಲ್ಲೊಂದ ಗೇಟ್ ಮಾಡಸ್ತೀನಿ. ಏನಂತೀ ಮೇಟ್?"

"ಹೌದ್ರಿ, ದಾರಿ ಇರ್ತೈತಿ," ಎಂದೆ ನಾನು. ಊರಿನ ಮುಂದೆ ನಾನೂ ನಾಲಿಗೆ ಕೊಟ್ಟಂತಾಯಿತು.

ಕೆಲಸ ಶುರುವಾಯಿತು. ನನಗೆ ಎಲ್ಲಕ್ಕಿಂತ ಹೆದರಿಕೆ ಇದ್ದದ್ದು ಗೋಡೆಗಳ ಮೇಲಿನ ಅಂಚಿನದು. ತಂತಿ ಬೇಲಿ ಇವತ್ತಿರುತ್ತದೆ, ನಾಳೆ ತುಕ್ಕು ಹಿಡಿಯುತ್ತದೆ. ಅದಕ್ಕೆ ಕಲ್ಲೆತ್ತುವ ಪೋಕ್ಲೇನ್ ಯಂತ್ರದ ಆಪರೇಟರನಿಗೆ ಹೇಳಿ, ಮಾರಾಟಕ್ಕೆ ಬಾರದ ದೊಡ್ಡ ಗುಂಡುಗಳನ್ನು ಅಂಚಿಗುಂಟ ಸಾಲಾಗಿ ಇಡಿಸತೊಡಗಿದೆ, ಗಟ್ಟಿ ತಡೆಗೋಡೆಯಾಗಲಿ ಎಂದು. ಅರ್ಧ ಸಾಲೂ ಆಗಿರಲಿಲ್ಲ, ಕಂದಾಯ ಇಲಾಖೆಯ ಸರ್ಕಲ್ ಸಾಹೇಬರು ಮೋಟರ್‌ಸೈಕಲ್ ಮೇಲೆ ಬಂದು ಕೈಯಡ್ಡ ಹಿಡಿದರು. ಆದೇಶ ಓದುವಾಗ ಮರಾಠಿ, ಚಹಾ ಕುಡಿಯುವಾಗ ನಮ್ಮ ಕನ್ನಡ, ಅಂಥ ಮನುಷ್ಯ. ಅವತ್ತು ಚಹಾ ಕೈಯಲ್ಲಿತ್ತು.

"ಮುದತ್ತ ಮುಗಿದೈತಿ ಮೇಟ್. ಇನ್ನ ಒಂದ ಕಲ್ಲ ಸರಿಸಿದ್ರೂ ಅಕ್ರಮ ಉತ್ಖನನ ಆಗ್ತೈತಿ."

"ಸಾಹೇಬರ, ಮಾರಾಕ ಒಯ್ಯಾಕತ್ತಿಲ್ರಿ. ಮಂದಿ ಬೀಳಬಾರದಂತ ದಂಡಿಗೆ ಇಡಾಕತ್ತೀವಿ."

"ಡ್ರೋನ್‌ನಾಗ ಅದು ಗೊತ್ತಾಗಂಗಿಲ್ಲ. ಇಲಾಖೆಯವರು ಮ್ಯಾಲಿಂದ ತಗದ ಫೋಟೋದಾಗ ಕಲ್ಲ ಜಾಗಾ ಬಿಟ್ಟಿದ್ದಷ್ಟ ಕಾಣ್ತೈತಿ."

ಅಲ್ಲ, ಜೀವ ಉಳಿಸುವ ಕಲ್ಲು ಯಾವುದು, ಕದ್ದ ಕಲ್ಲು ಯಾವುದು ಎಂದು ನೋಡಲು ಆಕಾಶದಿಂದ ಮಷೀನೇ ಬರಬೇಕೆ? ಎರಡು ಕಣ್ಣು ಹೊತ್ತುಕೊಂಡು ಬಂದವರು ಇಲ್ಲೇ ನಿಂತಿದ್ದಾರಲ್ಲ! ಪೋಕ್ಲೇನ್ ಬಂದ್ ಮಾಡಿಸಿದೆ. ಗುಂಡುಗಳ ಸಾಲು ಅರ್ಧಕ್ಕೇ ನಿಂತಿತು.

ಅದರ ಬೆನ್ನಿಗೇ ಬಂದದ್ದು ದಾರಿ ಒಡೆಯುವ ಆದೇಶ. ಎಲ್ಲೋ ಬೇರೆ ಕಡೆ, ಮುಚ್ಚಿದ ಖಣಿಯೊಂದಕ್ಕೆ ಕಳ್ಳರು ಟಿಪ್ಪರ್ ಇಳಿಸಿ ಕಲ್ಲು ಹೊತ್ತಿದ್ದರಂತೆ. ಅದಕ್ಕೆ ಮುಚ್ಚಿದ ಎಲ್ಲ ಖಣಿಗಳ ಇಳಿಯುವ ದಾರಿಯನ್ನೂ ಕಡಿದು ಹಾಕಬೇಕು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದಂತೆ. ನಾನು ನೇರವಾಗಿ ಮಾಲಕನ ಮನೆಗೇ ಹೋದೆ.

"ಸಭಾದಾಗ ಮಾತ ಕೊಟ್ಟೀರಿ."

"ಮಾತ ಕೊಟ್ಟಾಗ ಆದೇಶ ಬಂದಿರಲಿಲ್ಲ," ಎಂದ. ಅವನ ದನಿಯಲ್ಲಿ ಸಂಕಟವಿರಲಿಲ್ಲ, ಗೇಟಿನ ಖರ್ಚು ಉಳಿಯಿತೆಂಬ ಹಗುರವಿತ್ತು.

"ಮೂರು ಕಡಿ ಗ್ವಾಡಿ ಐತ್ರಿ. ನಾಲ್ಕನೇ ಕಡಿನೂ ಕಡದ್ರ ಅದು ಬಾವಿ. ಬ್ಯಾಸಗ್ಯಾಗ ನೀರಡಿಸಿದ ಹಿಂಡು ಯಾವ ತಂತಿನೂ ಕೇಳಂಗಿಲ್ಲ. ಮ್ಯಾಲಿಂದ ನೀರ ಕಂಡು ಒಂದ ಹಾರಿದ್ರ ಎಲ್ಲಾ ಹಾರ್ತಾವ. ಅವನ್ನ ಹಿಡ್ಯಾಕ ಹೋದ ಮನಶ್ಯಾನೂ ಹೋಗ್ತಾನ."

"ಆವಾಗ ತಂತಿ ದಾಟಿದವರ ತಪ್ಪು. ನಂದಲ್ಲ, ನಿಂದೂ ಅಲ್ಲ. ನೀ ಒಡೀತೀಯೋ, ಬ್ಯಾರೆ ಮೇಟ್ ಕರೀಲೋ?"

ಸತ್ತವನದೇ ತಪ್ಪು ಎಂದು ಮೊದಲೇ ತೀರ್ಮಾನಿಸಿಟ್ಟುಕೊಂಡು ಕಟ್ಟುವ ಬೇಲಿಗೆ ಸುರಕ್ಷತೆ ಎಂದು ಹೆಸರು! ಆದರೂ ನಾನೇ ಒಡೆಯುತ್ತೇನೆ ಎಂದೆ. ಬೇರೆಯವನು ಬಂದರೆ ಒಂದು ಹಿಡಿ ಕಲ್ಲೂ ಉಳಿಸುವುದಿಲ್ಲ ಎಂಬ ಭಯ ಒಂದು. ಹೊಟ್ಟೆಪಾಡು ಇನ್ನೊಂದು, ಸುಳ್ಳು ಯಾಕೆ ಹೇಳಲಿ.

ಟ್ರ್ಯಾಕ್ಟರ್ ಕಂಪ್ರೆಸರ್ ತರಿಸಿ, ದಾರಿಗೆ ಅಡ್ಡಲಾಗಿ ಸಾಲು ಸಾಲಾಗಿ ರಂಧ್ರ ಕೊರೆಸಿದೆವು. ಕಲ್ಲು ಯಾವ ಕಡೆ ಬಯಲಿದೆಯೋ ಆ ಕಡೆ ಹಾರುತ್ತದೆ. ತಗ್ಗಿನ ಕಡೆಯ ಸಾಲು ಮೊದಲು ಸಿಡಿದರೆ ಆ ಕಲ್ಲು ತಗ್ಗಿಗೆ ಹಾರಿ ಹಿಂದಿನ ಸಾಲಿಗೆ ಬಯಲು ಮಾಡಿಕೊಡುತ್ತದೆ. ಹೀಗೆ ಒಂದರ ಹಿಂದೊಂದು ಸಿಡಿದರೆ ದಾರಿಯೆಲ್ಲ ಖಣಿಯ ತಳ ಸೇರಿ, ಉಳಿಯುವುದು ನಾಲ್ಕನೆಯ ಗೋಡೆ. ಯೋಜನೆ ಇದ್ದದ್ದು ಹಾಗೆ. ಮದ್ದು ಇಳಿಸಿ, ಬಾಯಿಗೆ ಮಣ್ಣು ಗಿಡಿದು, ಪ್ರತಿ ರಂಧ್ರದಿಂದ ಹೊರಬಂದ ಪ್ಲಾಸ್ಟಿಕ್ ನಳಿಕೆಗಳನ್ನು ಒಂದಕ್ಕೊಂದು ಜೋಡಿಸಿದೆ. ಈಗ ವಿದ್ಯುತ್ ತಂತಿಯ ಹಳೆಯ ಪದ್ಧತಿ ಹೋಗಿ ಈ ನಳಿಕೆಗಳು ಬಂದಿವೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ನೆಲದ ಮೇಲೆ ಅವುಗಳನ್ನು ಜೋಡಿಸುವ ರೀತಿಯಲ್ಲಿರುತ್ತದೆ. ಹಾರಿಸುವ ಯಂತ್ರದ ಕೀಲಿ ನನ್ನ ಕಿಸೆಯಲ್ಲಿತ್ತು. ಅದು ಇನ್ನೊಬ್ಬರ ಕೈಗೆ ಹೋಗಕೂಡದು.

ಮುಚ್ಚುವ ಕೆಲಸಕ್ಕೆಂದೇ ಕೊಟ್ಟ ಒಂದು ಸಲದ ಪರವಾನಗಿಯಲ್ಲಿ ಹೊಸ ಷರತ್ತು ಇತ್ತು: ಎಚ್ಚರಿಕೆಗೆ ಸೀಟಿ ಸಾಲದು, ದೂರಕ್ಕೆ ಕೇಳುವ ಸೈರನ್ ಕೂಗಿಸಬೇಕು. ನಮ್ಮ ಬಳಿ ಇದ್ದದ್ದು ಭೋಂಗಾ ಒಂದೇ.

"ಅದನ್ನs ಕೂಗಸ್ರಿ," ಎಂದರು ಸರ್ಕಲ್ ಸಾಹೇಬರು. ಆಗಲಿ ಎಂದೆ. ದಾರಿಗಳ ಮೇಲೆ ಬಾವುಟದವರು ನಿಂತರು. ಕುರಿಯಕ್ಕನಿಗೆ ಬೆಳಿಗ್ಗೆಯೇ ಹೇಳಿದ್ದೆ, ಅವಳು ಹಿಂಡನ್ನು ದೂರದ ಮರಡಿಯ ಮೇಲೆ ಹಿಡಿದು ನಿಲ್ಲಿಸಿಕೊಂಡಿದ್ದಳು. ಆ ಮರಡಿಯ ಕಡೆ ಬಾವುಟ ಬೇಡ ಎಂದುಕೊಂಡೆವು. ಆಪರೇಟರ ಭೋಂಗಾದ ಗುಂಡಿ ಒತ್ತಿದ.

ಕ್ರಷರ್ ನಿಂತಾಗಿನಿಂದ ಮೂಕವಾಗಿದ್ದ ಭೋಂಗಾ ಅದು. ಮರಡಿಯ ಮೇಲೆ ಬಿಳಿ ಆಡು ತಲೆ ಎತ್ತಿದ್ದು ನನಗೆ ಕಂಡಿತು. ಕಂಡರೂ ಹೊಳೆಯಲಿಲ್ಲ. ಮುಂದಿನ ಗಳಿಗೆಗೆ ಇಡೀ ಹಿಂಡು ಮರಡಿ ಇಳಿದು ಧೂಳೆಬ್ಬಿಸಿಕೊಂಡು ನಮ್ಮತ್ತ ಓಡಿ ಬರುತ್ತಿತ್ತು.

"ಅಣ್ಣಾ! ಭೋಂಗಾ ಅಂದ್ರ ಅವಕ್ಕ ನೀರಲ್ಲೇನೋ!" ಎಂದು ಆಪರೇಟರ ಕ್ಯಾಬಿನ್ನಿನಿಂದ ಚೀರಿದ.

ಯಾ ಅಲ್ಲಾ! ಅಷ್ಟು ವರ್ಷ ನಾವೇ ಕಲಿಸಿದ ಪಾಠ. ನಾನು, ಆಪರೇಟರ, ಆ ಹೆಣ್ಣುಮಗಳು, ಮೂವರಿಗೂ ಅದು ಅಂಗೈಯಷ್ಟು ಚೆನ್ನಾಗಿ ಗೊತ್ತಿದ್ದ ಸಂಗತಿ, ಮೂವರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಕುರಿಗಳು ದಾರಿಗೆ ಇಳಿದೇಬಿಟ್ಟವು. ಮದ್ದು ತುಂಬಿದ ರಂಧ್ರಗಳ ಮೇಲೆ, ನಳಿಕೆಗಳ ಮೇಲೆ, ನೂರಾರು ಗೊರಸು. ನಾನು ಯಂತ್ರದಿಂದ ಮುಖ್ಯ ನಳಿಕೆ ಕಿತ್ತು ಬದಿಗಿಟ್ಟು, ಕಿಸೆಯ ಮೇಲೆ ಕೈ ಒತ್ತಿ ಹಿಡಿದುಕೊಂಡು ನಿಂತೆ.

"ಓಡಸ್ರಿ ಅವನ್ನ! ಟೈಮ್ ಆಗಾಕತ್ತೈತಿ," ಎಂದು ಸರ್ಕಲ್ ಸಾಹೇಬರು ಗಡಿಯಾರ ತೋರಿಸಿದರು.

ಕುರಿಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಏದುಸಿರು ಬಿಡುತ್ತ ಬಂದವಳು, ಅವರನ್ನಲ್ಲ, ನನ್ನನ್ನೇ ಹಿಡಿದಳು.

"ಬೆಂಕಿ ಹಚ್ಚಲಿ ನಿನ್ನ ಕಸಬಿಗೆ! ನೀ ಕರದಿ, ಅವು ಬಂದಾವ. ಊರ ಮುಂದ ದಾರಿ ಇರ್ತೈತಿ ಅಂದವ ನೀನs, ಅದರಾಗ ಮದ್ದ ತುಂಬಿ ಕರದವನೂ ನೀನs? ಬಾಯಿಲ್ಲದ ಪ್ರಾಣಿಗೆ ಹಿಂಗ ಮೋಸ ಮಾಡ್ತಾರೇನೋ ಅಣ್ಣಾ?"

ಕುರಿಗಳು ಕೆಳಗೆ ನೀರಿನ ಸುತ್ತ ಒತ್ತಾಗಿ ನಿಂತು ಕುಡಿಯುತ್ತಿದ್ದವು. ಓಡಿಸಲು ಹೋದರೆ ಗಾಬರಿಬಿದ್ದು ನಳಿಕೆಗಳ ಮೇಲೆಯೇ ಚದುರುತ್ತಿದ್ದವು.

"ಕುಡೀಲಿ, ಯಾರೂ ಅವನ್ನ ಮುಟ್ಟಬ್ಯಾಡ್ರಿ," ಎಂದೆ. ಸಾಹೇಬರು ಗೊಣಗಿದರು. ಗೊಣಗಿಕೊಳ್ಳಲಿ, ಕೀಲಿ ನನ್ನ ಕಿಸೆಯಲ್ಲಿತ್ತು.

ಹಿಂಡು ನಿಧಾನವಾಗಿ ಹತ್ತಿ ಹೋದ ಮೇಲೆ ಇಳಿದು ನೋಡಿದೆ. ಅರ್ಧದಷ್ಟು ಜೋಡಣೆ ಕಿತ್ತುಹೋಗಿತ್ತು. ಮದ್ದು ತುಂಬಿದ ರಂಧ್ರಗಳನ್ನು ಹಾಗೇ ಬಿಟ್ಟು ಮನೆಗೆ ಹೋಗುವಂತಿಲ್ಲ, ಬಿಚ್ಚಿ ತೆಗೆಯುವಂತೆಯೂ ಇಲ್ಲ. ಹಾರಿಸಲೇಬೇಕು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ನಳಿಕೆ ಕೈಗೆತ್ತಿಕೊಂಡೆ. ಕಲ್ಲಿನ ಮೇಲೆ ಹಸಿ ಹಿಕ್ಕೆ, ಒದ್ದೆ ಗೊರಸಿನ ಗುರುತು. ಅಲ್ಲಿಯೇ ನಾನು ನಿರ್ಧಾರ ಮಾಡಿದ್ದು. ತಗ್ಗಿನ ಕಡೆಯಿಂದ ಶುರುವಾಗಬೇಕಿದ್ದ ಸರದಿಯನ್ನು ಉಲ್ಟಾ ಮಾಡಿದೆ. ಮೇಲಿನ ಸಾಲು ಮೊದಲು, ತಗ್ಗಿನ ಕಡೆಯದು ಎಲ್ಲಕ್ಕಿಂತ ಕೊನೆಗೆ. ಆಗ ಕಲ್ಲಿಗೆ ಹಾರಲು ಬಯಲು ಸಿಗುವುದಿಲ್ಲ, ಇದ್ದಲ್ಲೇ ಉಬ್ಬಿ ಒಡೆದು ಕೂರುತ್ತದೆ. ಆದರೆ ಹೀಗೆ ಬಿಗಿಯಾಗಿ ಒಡೆದರೆ ಚೂರುಗಳು ಮೇಲಕ್ಕೆ ಸಿಡಿಯುವ ಅಪಾಯವಿದೆ. ಅದಕ್ಕೆ ರಂಧ್ರಗಳ ಮೇಲೆಲ್ಲ ಮಣ್ಣಿನ ಚೀಲ ಹೇರಿಸಿದೆ, ಸಾಹೇಬರನ್ನೂ ಮಾಲಕನನ್ನೂ ಸೇರಿಸಿ ಎಲ್ಲರನ್ನೂ ಮೊದಲಿಗಿಂತ ಎಷ್ಟೋ ಹಿಂದಕ್ಕೆ ಕಳಿಸಿದೆ. ಕುರಿಯಕ್ಕ ಹಿಂಡನ್ನು ಮರಡಿಯಾಚೆ ಇಳಿಸಿಕೊಂಡು ಹೋದಳು, ಈ ಸಲ ಆ ಕಡೆಯೂ ಬಾವುಟ ನಿಂತಿತು. ಭೋಂಗಾ ಮುಟ್ಟಲು ಬಿಡಲಿಲ್ಲ. ಸೀಟಿ ಊದಿದೆ, ಗಂಟಲು ಹರಿಯುವ ಹಾಗೆ ಕೂಗಿದೆ, ಕೀಲಿ ತಿರುಗಿಸಿದೆ.

ನೆಲ ಒಮ್ಮೆ ಉಸಿರೆಳೆದುಕೊಂಡು ಕೂತ ಹಾಗಾಯಿತು. ಧೂಳು ಇಳಿದಾಗ ದಾರಿ ಇದ್ದ ಜಾಗದಲ್ಲಿ ಒಡೆದ ಕಲ್ಲಿನ ದೊಡ್ಡ ದಿಬ್ಬ. ಖಣಿಗೆ ಬಿದ್ದದ್ದು ಅಷ್ಟಿಷ್ಟು ಮಾತ್ರ.

"ಇದೇನ, ಕಲ್ಲೆಲ್ಲಾ ಇಲ್ಲೇ ಅದಾವ?" ಎಂದರು ಸಾಹೇಬರು.

"ದಾರಿ ಒಡೀರಿ ಅಂದ್ರಿ. ಒಡದೈತಿ, ನೋಡ್ರಿ."

"ಪೋಕ್ಲೇನ್ ಹಚ್ಚಿ ತಗ್ಗಿಗೆ ನೂಕಸು."

"ಮುದತ್ತ ಮುಗಿದೈತ್ರಿ ಸಾಹೇಬರ. ಪರವಾನಗಿ ಹಾರಸಾಕ ಅಷ್ಟ ಐತಿ, ಸರಸಾಕ ಇಲ್ಲ. ಡ್ರೋನ್‌ನಾಗ ಕಲ್ಲ ಜಾಗಾ ಬಿಟ್ಟಿದ್ದು ಕಾಣ್ತೈತಿ ಅಂತ ನೀವs ಹೇಳೀರಿ. ನೂಕ್ರಿ ಅಂತ ಬರದ ಕೊಡ್ರಿ, ಈಗಿಂದೀಗ ನೂಕಸ್ತೀನಿ."

ಸಾಹೇಬರು ಮಾಲಕನ ಮುಖ ನೋಡಿದರು, ಮಾಲಕ ಸಾಹೇಬರ ಮುಖ ನೋಡಿದ. ಬರೆದು ಕೊಡುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಒಡೆದ ಕಲ್ಲಿನ ಫೋಟೋ ತೆಗೆದುಕೊಂಡು ಹೊರಟುಹೋದರು.

ಮರುದಿನ ನಾನೂ ಆಪರೇಟರನೂ ಆ ದಿಬ್ಬವನ್ನು ಹರಡಿದೆವು, ಕದ್ದುಮುಚ್ಚಿ ಅಲ್ಲ, ನಡುಹಗಲಲ್ಲಿ. ಅದೂ ಅಕ್ರಮವೇ, ನನಗೆ ಗೊತ್ತು. ದೊಡ್ಡ ಗುಂಡುಗಳನ್ನು ಬದಿಗೆ ಸಾಲಾಗಿ ಇಟ್ಟು, ಸಣ್ಣವನ್ನು ನಡುವೆ ತುಂಬಿ, ಮೊದಲಿಗಿಂತ ಅಗಲವಾದ ಇಳಿಜಾರು ಮಾಡಿದೆವು. ಮೇಲಿನ ಬಾಯಿಯಲ್ಲಿ ಒಬ್ಬ ಮನುಷ್ಯ, ಒಂದು ಕುರಿ ಜೊತೆಯಾಗಿ ನುಸುಳುವಷ್ಟು ಸಂದಿ ಬಿಟ್ಟು ಎರಡು ಬಂಡೆ ನಿಲ್ಲಿಸಿದೆವು. ಅದರಲ್ಲಿ ಟಿಪ್ಪರ್ ಹೋಗುವುದಿರಲಿ, ಎತ್ತಿನ ಗಾಡಿಯೂ ಹೋಗದು. ಕಳ್ಳರನ್ನು ತಡೆಯಲು ಅಷ್ಟು ಸಾಕಿತ್ತು. ಮೊದಲೇ ಯಾರಾದರೂ ಬಂದು ನಿಂತು ನೋಡಿದ್ದರೆ ಇಷ್ಟು ಮದ್ದು ಸುಡುವ ಅಗತ್ಯವೇ ಇರಲಿಲ್ಲ.

ಮಾಲಕನಿಗೆ ಠೇವಣಿಯ ಚಿಂತೆ. ನಾನು ಆದೇಶ ಮುರಿದೆನೆಂದು ಅವನೇ ದೂರು ಕೊಟ್ಟ. ಮೇಲಿನ ಖನಿಜ ಅಧಿಕಾರಿ ಜೀಪಿನಲ್ಲಿ ಬಂದು ಇಳಿಜಾರಿನ ತಲೆಯಲ್ಲಿ ನಿಂತರು, ಪಕ್ಕದಲ್ಲಿ ಸರ್ಕಲ್ ಸಾಹೇಬರು. ನನ್ನ ಮೇಟ್ ಸರ್ಟಿಫಿಕೇಟ್ ಕೇಳಿ ಇಸಿದುಕೊಂಡರು. ನಾಳೆ ಈ ದಾರಿಯಲ್ಲಿ ಇಳಿದು ಯಾರಾದರೂ ನೀರಿಗೆ ಬಿದ್ದರೆ ಜವಾಬ್ದಾರಿ ಯಾರದು ಎಂದು ಮರಾಠಿಯಲ್ಲಿ ಕೇಳಿದರು.

"ನಂದು," ಎಂದೆ. "ಬರಕೋರಿ. ಆ ಮೂರು ಗ್ವಾಡಿ ಮ್ಯಾಲಿಂದ ಬಿದ್ರ ಯಾರದು? ಅದನ್ನ ಇಲ್ಲೀತನ ಒಬ್ರೂ ಕೇಳಿಲ್ಲ ಸಾಹೇಬರ. ಅದನ್ನೂ ಒಂದ ಹೆಸರ ಹಾಕಿ ಬರಕೋರಿ."

ಅಷ್ಟರಲ್ಲಿ ಬಿಳಿ ಆಡು ಎರಡು ಬಂಡೆಗಳ ಸಂದಿಯಲ್ಲಿ ಮುಖ ತೂರಿಸಿ, ಜೀಪನ್ನು ಒಮ್ಮೆ ನೋಡಿ, ಇಳಿದುಹೋಯಿತು. ಹಿಂದೆ ಕುರಿಗಳು. ಅಧಿಕಾರಿ ಪಕ್ಕಕ್ಕೆ ಸರಿಯಬೇಕಾಯಿತು. ಕೊನೆಗೆ ಕುರಿಯಕ್ಕ ಬಂದಳು. ಅವರಿಗೆ ನಮಸ್ಕಾರವಿಲ್ಲ, ನನಗೆ ಒಂದು ಒಳ್ಳೆಯ ಮಾತಿಲ್ಲ. ಎರಡು ಹೆಜ್ಜೆ ಇಳಿದು, ಕೋಲಿನಿಂದ ಕಲ್ಲು ಕುಟ್ಟಿ ತೋರಿಸಿದಳು.

"ಇದೇನ ದಾರಿನೋ ಅಣ್ಣಾ? ಖಡಿ ಚೂಪ ಐತಿ. ಮುದಿ ಕುರಿ ಗೊರಸ ಹರದು ನಿನ್ನೆ ನಡುವs ಕೂತು, ನೀರಿಗೆ ಮುಟ್ಟಲಿಲ್ಲ. ಗುಡ್ಡ ಒಡ್ಯಾಕ ಬರ್ತೈತಿ, ಮ್ಯಾಲ ನಾಕ ಬುಟ್ಟಿ ಮುರುಮ ಹಾಕಾಕ ಬರಂಗಿಲ್ಲೇನು? ಅರ್ಧಾ ಕೆಲಸಾ ಮಾಡಿ ಕೈ ತೊಳಕೊಂಡ್ರ ಹೆಂಗ?"

ಆ ಇಡೀ ಗದ್ದಲದಲ್ಲಿ ನ್ಯಾಯದ ಮಾತು ಎಂದು ನಾನು ಕೇಳಿದ್ದು ಅದೊಂದೇ. ಮುರುಮದ ಗರಸು ಮಣ್ಣು ಅಗೆಯಲೂ ಪರವಾನಗಿ ಬೇಕು. ಅದು ನನಗೂ ಗೊತ್ತಿತ್ತು, ಸರ್ಟಿಫಿಕೇಟ್ ಕೈಯಲ್ಲಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ ಅಧಿಕಾರಿಗೂ ಗೊತ್ತಿತ್ತು.

"ನಾಳಿಗೆ ಹಾಕ್ತೀನಿ ಯಕ್ಕಾ," ಎಂದೆ, ಅವರಿಗೆ ಕೇಳುವ ಹಾಗೆ.

ಸರ್ಟಿಫಿಕೇಟ್ ಇನ್ನೂ ವಾಪಸ್ ಬಂದಿಲ್ಲ. ಮುರುಮ ಹಾಕಿದ್ದೇನೆ. ಮುದಿ ಕುರಿಗಳೂ ಈಗ ನೀರಿನ ತನಕ ಇಳಿಯುತ್ತಿವೆ.